ಹಳೆ ರೆಗ್ಯುಲೇಟರ್ ಕೊಳ್ಳುವಾಗ ಹೊಳಪು ನೋಡಬೇಡಿ, ವಾಷರ್ ಸಿಗುತ್ತಾ ಕೇಳಿ

ಕಳೆದ ತಿಂಗಳು ಮುರುಡೇಶ್ವರ ಕಡೆಯ ಹುಡುಗನೊಬ್ಬ ನಮಗೆ ವಾಟ್ಸ್ಆ್ಯಪ್‌ನಲ್ಲಿ ಮೂರು ಫೋಟೋ ಕಳಿಸಿದ. ಕಪ್ಪು ಪೈಪುಗಳ ಒಂದು ಗೊಂಚಲು, ಅದರ ಒಂದು ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೋಹದ ಗಟ್ಟಿ, ಇನ್ನೊಂದು ತುದಿಯಲ್ಲಿ ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರ್. ಕೆಳಗೆ ಬರೆದಿದ್ದ: "ಅಣ್ಣಾ, ದುಬೈಯಿಂದ ಬಂದವರೊಬ್ಬರು ಕೊಡ್ತಾರಂತೆ. 20 ವರ್ಷ ಹಳೇದು, ಆದ್ರೆ ಚೆನ್ನಾಗಿ ಇಟ್ಕೊಂಡಿದ್ದಾರೆ. 15 ಸಾವಿರ ಹೇಳ್ತಿದ್ದಾರೆ. ತಗೊಳ್ಬಹುದಾ?"

ಅದು ಸ್ಕೂಬಾ ರೆಗ್ಯುಲೇಟರ್. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವವರು ಉಸಿರಾಡುವುದು ಇದರ ಮೂಲಕ. ಹುಡುಗ ಮೀನುಗಾರರ ಮನೆಯವನು. ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯಲ್ಲಿ ಸಹಾಯಕನಾಗಿ ಸೇರಿ, ಆಮೇಲೆ ಡೈವಿಂಗ್ ಕಲಿತು, ಈಗ ನೀರಿನಡಿ ಪ್ರವಾಸಿಗರ ಜೊತೆ ಇರುವ ಕೆಲಸ ಮಾಡುತ್ತಾನೆ. ಇಲ್ಲಿಯವರೆಗೆ ಕೆಲಸ ಮಾಡುವ ಜಾಗದ ಸಾಮಾನೇ ಬಳಸಿದ್ದಾನೆ. ಇವತ್ತು ಒಬ್ಬರ ಬಾಯಲ್ಲಿದ್ದದ್ದು ನಾಳೆ ಇನ್ನೊಬ್ಬರ ಬಾಯಿಗೆ. ತನ್ನದೇ ಒಂದು ಬೇಕು ಎಂಬ ಆಸೆ ಅವನದು. ಆಸೆ ತಪ್ಪೇನಲ್ಲ. ಬಡಗಿಗೆ ತನ್ನದೇ ಉಳಿ ಬೇಕು, ಇವನಿಗೆ ತನ್ನದೇ ಉಸಿರಿನ ಯಂತ್ರ ಬೇಕು.

ನಮ್ಮಲ್ಲಿ ಇಬ್ಬರು ಡೈವಿಂಗ್ ಕಲಿತವರು. ಒಬ್ಬರು ರೆಗ್ಯುಲೇಟರ್ ಬಿಚ್ಚಿ ಜೋಡಿಸುವ ಬೆಂಚಿನ ಪಕ್ಕ ಕೂತು ದಿನಗಟ್ಟಲೆ ನೋಡಿದವರು. ಅವನಿಗೆ ಏನು ಹೇಳಬೇಕು ಎಂದು ನಮ್ಮೊಳಗೇ ಒಂದು ಸಂಜೆ ಪೂರ್ತಿ ಜಗಳವಾಯಿತು. ಒಬ್ಬರು "ಉಸಿರಿನ ವಿಷಯದಲ್ಲಿ ಹಳೇದು ಬೇಡವೇ ಬೇಡ" ಎಂದರು. ಇನ್ನೊಬ್ಬರು "ಹೊಸದು ಕೊಳ್ಳಲು ಅವನು ಎಲ್ಲಿಂದ ತರ್ತಾನೆ, ನೀನು ಕೊಡ್ತೀಯಾ?" ಎಂದರು. ಕೊನೆಗೆ ನಾವೆಲ್ಲ ಒಪ್ಪಿದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಹಳೆಯದಾದರೂ ಸರಿಯಾಗಿ ನೋಡಿಕೊಂಡ ರೆಗ್ಯುಲೇಟರ್ ಕೊಳ್ಳಬಹುದು. ಕೆಲವು ಹಳೆಯವು ಈಗಿನ ಅಗ್ಗದ ಹೊಸದಕ್ಕಿಂತ ಎಷ್ಟೋ ವಾಸಿ. ಆದರೆ ಅದರ ಒಳಗಿನ ರಬ್ಬರ್ ಸಾಮಾನು ಇವತ್ತಿಗೂ ಸಿಗುತ್ತಿರಬೇಕು, ಅದನ್ನು ಹಾಕಿಕೊಡಲು ಬಲ್ಲವರೊಬ್ಬರು ಇರಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಪುಕ್ಕಟೆ ಕೊಟ್ಟರೂ ಬೇಡ.

ಯಾಕೆ ಹೀಗೆ ಹೇಳುತ್ತೇವೆ ಎಂದು ತಿಳಿಯಬೇಕಾದರೆ ಈ ಯಂತ್ರ ಏನು ಮಾಡುತ್ತದೆ ಎಂದು ಗೊತ್ತಿರಬೇಕು. ಅದು ಕಷ್ಟವೇನಲ್ಲ, ಯಾಕೆಂದರೆ ಇದರ ದಾಯಾದಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಗ್ಯಾಸ್ ಸಿಲಿಂಡರ್ ಮೇಲೆ ಕೂರಿಸುವ ರೆಗ್ಯುಲೇಟರ್ ಸಿಲಿಂಡರಿನ ಜೋರನ್ನು ಒಲೆಗೆ ತಕ್ಕಷ್ಟು ತಗ್ಗಿಸಿ ಬಿಡುತ್ತದಲ್ಲ, ಇದೂ ಅದೇ ಕೆಲಸ ಮಾಡುತ್ತದೆ. ಇದು ಬರೀ ಹೋಲಿಕೆಯಲ್ಲ, ಚರಿತ್ರೆಯೂ ಹೌದು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಆ ಕಾರುಗಳಿಗಾಗಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ಗ್ಯಾಸ್ ವಾಲ್ವ್ ಮಾಡಿದ್ದ. ನೌಕಾಪಡೆಯ ಅಧಿಕಾರಿ ಝಾಕ್ ಕೂಸ್ತೋ ಜೊತೆ ಸೇರಿ 1943ರಲ್ಲಿ ಅದನ್ನೇ ಮಾರ್ಪಡಿಸಿ ನೀರಿನೊಳಗೆ ಉಸಿರಾಡುವ ಸಾಧನ ಮಾಡಿದರು. ಆಕ್ವಾ-ಲಂಗ್ ಎಂದು ಅದಕ್ಕೆ ಹೆಸರು. ಮೂಲ ಉಪಾಯ ಇವತ್ತಿಗೂ ಅದೇ.

ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಬೈಕಿನ ಟೈರಿಗೆ ನಾವು ಹಾಕಿಸುವುದು ಎರಡು ಬಾರ್ ಆಸುಪಾಸು. ಅಂದರೆ ನೂರು ಪಟ್ಟು. ಅದನ್ನು ನೇರ ಬಾಯಿಗೆ ಬಿಟ್ಟರೆ ಗತಿಯೇನು? ಹಾಗಾಗಿ ಎರಡು ಹಂತದಲ್ಲಿ ಇಳಿಸುತ್ತಾರೆ. ಸಿಲಿಂಡರಿಗೆ ಕೂರುವ ಲೋಹದ ಗಟ್ಟಿ ಫಸ್ಟ್ ಸ್ಟೇಜ್. ಅದು 200ನ್ನು ಒಂಬತ್ತು ಹತ್ತು ಬಾರಿಗೆ ಇಳಿಸುತ್ತದೆ, ಲಾರಿ ಟೈರಿನ ಗಾಳಿಗಿಂತ ಸ್ವಲ್ಪ ಹೆಚ್ಚು. ಬಾಯಲ್ಲಿರುವುದು ಸೆಕೆಂಡ್ ಸ್ಟೇಜ್. ಅದರೊಳಗೆ ಊಟದ ಹಪ್ಪಳದಷ್ಟು ತೆಳ್ಳಗಿನ ರಬ್ಬರ್ ಪರದೆ ಇದೆ. ನೀವು ಉಸಿರೆಳೆದಾಗ ಪರದೆ ಒಳಗೆ ಬಾಗಿ ಒಂದು ಸಣ್ಣ ಸನ್ನೆಯನ್ನು ಒತ್ತುತ್ತದೆ, ವಾಲ್ವ್ ತೆರೆದು ಗಾಳಿ ಬರುತ್ತದೆ. ಎಳೆಯುವುದು ನಿಲ್ಲಿಸಿದರೆ ಮುಚ್ಚುತ್ತದೆ. ಆಳಕ್ಕೆ ಹೋದಂತೆ ಸುತ್ತಲಿನ ನೀರಿನ ಒತ್ತಡ ಹೆಚ್ಚುತ್ತದೆ, ಹತ್ತು ಮೀಟರಿಗೆ ಒಂದು ಬಾರ್ ಲೆಕ್ಕದಲ್ಲಿ. ಆ ಒತ್ತಡಕ್ಕೆ ಸರಿಹೊಂದುವಂತೆ ಗಾಳಿಯನ್ನೂ ಇದೇ ಕೊಡುತ್ತದೆ.

ಈಗ ಹಳೆಯದು ಯಾಕೆ ಬಾಳುತ್ತದೆ ನೋಡಿ. ಫಸ್ಟ್ ಸ್ಟೇಜಿನ ಮೈ ಗಟ್ಟಿ ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಒಳಗೆ ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು: ಒಂದು ಪಿಸ್ಟನ್ ಅಥವಾ ಡಯಾಫ್ರಂ, ಒಂದು ಸ್ಪ್ರಿಂಗ್. ಹಿತ್ತಾಳೆ ಸವೆಯುವುದು ಅಪರೂಪ. ಸವೆಯುವುದು, ಒಣಗುವುದು, ಸೀಳುವುದು ಎಲ್ಲ ರಬ್ಬರ್, ಪ್ಲಾಸ್ಟಿಕ್ ಸಾಮಾನು. ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಎಲ್ಲವೂ ವಾಷರ್ರೇ. ಓ-ರಿಂಗ್, ಸೀಟು, ಪರದೆ, ಉಸಿರು ಹೊರಹೋಗುವ ಕವಾಟ. ಇವೆಲ್ಲ ಸೇರಿಸಿ ಒಂದು ಪೊಟ್ಟಣದಲ್ಲಿ ಬರುತ್ತದೆ, ಸರ್ವಿಸ್ ಕಿಟ್ ಎನ್ನುತ್ತಾರೆ. ಬಿಚ್ಚಿ, ತೊಳೆದು, ಪೊಟ್ಟಣದ ಸಾಮಾನು ಹಾಕಿ, ಒತ್ತಡ ಹೊಂದಿಸಿದರೆ ಯಂತ್ರ ಮತ್ತೆ ಕೆಲಸಕ್ಕೆ ಸಿದ್ಧ. ನಮ್ಮ ಊರಲ್ಲಿ ಅಜ್ಜನ ಕಾಲದ ಪಂಪ್‌ಸೆಟ್ ಇನ್ನೂ ನೀರೆತ್ತುತ್ತಿರುವುದು ಹೀಗೇ ತಾನೆ.

ಸ್ಕೂಬಾಪ್ರೊ ಕಂಪನಿಯ ಮಾರ್ಕ್ 5 ಎಂಬ ಫಸ್ಟ್ ಸ್ಟೇಜ್ ಮಾರುಕಟ್ಟೆಗೆ ಬಂದದ್ದು 1970ರಲ್ಲಿ. ಅದನ್ನು ಇವತ್ತಿಗೂ ಬಳಸುವವರು ಹೊರದೇಶಗಳಲ್ಲಿ ಇದ್ದಾರೆ. ಯುಎಸ್ ಡೈವರ್ಸ್ ಕಂಪನಿಯ ಕಾನ್‌ಶೆಲ್ಫ್ ಕೂಡ ಅಂಥದ್ದೇ ಗಟ್ಟಿಗ. ಇವುಗಳ ಮೂಲ ವಿನ್ಯಾಸ ಎಷ್ಟು ಪಕ್ಕಾ ಇತ್ತೆಂದರೆ ಮುಂದಿನವರು ಬದಲಿಸಿದ್ದು ಸ್ವಲ್ಪವೇ. ಇಂಥ ಯಂತ್ರಗಳಲ್ಲಿ 'ಬ್ಯಾಲೆನ್ಸ್‌ಡ್' ಎಂಬ ಗುಣ ಇದೆ. ಸಿಲಿಂಡರಿನಲ್ಲಿ ಗಾಳಿ 200ರಿಂದ 50ಕ್ಕೆ ಇಳಿದರೂ ಉಸಿರೆಳೆಯುವ ಸಲೀಸು ಒಂದೇ ಥರ ಇರುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ತೀರಾ ಅಗ್ಗದ ಹೊಸ ಸೆಟ್‌ಗಳಲ್ಲಿ ಕೆಲವಕ್ಕೆ ಈ ಗುಣ ಇರುವುದಿಲ್ಲ. ಹಾಗಾಗಿ ಹಳೆಯ ಒಳ್ಳೆಯದನ್ನೂ ಹೊಸ ಅಗ್ಗದ್ದನ್ನೂ ಎದುರುಬದುರು ಇಟ್ಟರೆ ನಾವು ಹಳೆಯದರ ಕಡೆಗೇ ವಾಲುತ್ತೇವೆ.

ಹೆದರುವವರಿಗೆ ಇನ್ನೊಂದು ಮಾತು. ಬಹುಪಾಲು ರೆಗ್ಯುಲೇಟರ್‌ಗಳ ಸೆಕೆಂಡ್ ಸ್ಟೇಜ್ ಹೇಗೆ ಮಾಡಿದ್ದಾರೆಂದರೆ, ಕೆಟ್ಟರೆ ಗಾಳಿ ನಿಲ್ಲುವುದಿಲ್ಲ, ಬದಲಿಗೆ ಭುಸುಭುಸು ಎಂದು ಹರಿಯತೊಡಗುತ್ತದೆ. ಒತ್ತಡ ಹೆಚ್ಚಾದರೆ ವಾಲ್ವ್ ತಾನೇ ತೆರೆದುಕೊಳ್ಳುವ ಜೋಡಣೆ ಅದು. ಹರಿಯುವ ಗಾಳಿಯಿಂದಲೂ ಉಸಿರಾಡುತ್ತಾ ಮೇಲೆ ಬರಬಹುದು, ತರಬೇತಿಯಲ್ಲಿ ಅದನ್ನು ಕಲಿಸುತ್ತಾರೆ. ಆದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಬರಿದಾಗುತ್ತದೆ, ಅದೂ ಪಕ್ಕದಲ್ಲಿ ಮೊದಲ ಸಲ ನೀರಿಗಿಳಿದ ಪ್ರವಾಸಿ ಕೈ ಹಿಡಿದುಕೊಂಡಿರುವಾಗ. ನಮ್ಮ ಹುಡುಗನ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳದೆ ಇದ್ದದ್ದು ಇದಕ್ಕೇ. ತನ್ನ ಖುಷಿಗೆ ವರ್ಷಕ್ಕೆರಡು ಸಲ ಮುಳುಗುವವನ ಸಾಮಾನೇ ಬೇರೆ, ಬೇರೆಯವರ ಜೀವ ಹೊತ್ತು ದಿನಕ್ಕೆರಡು ಸಲ ಮುಳುಗುವವನದೇ ಬೇರೆ.

'ಚೆನ್ನಾಗಿ ಇಟ್ಕೊಂಡಿದ್ದಾರೆ' ಎಂಬ ಮಾತಿಗೆ ಬರೋಣ. ನಮಗೆ ಅತಿ ಹೆಚ್ಚು ಅನುಮಾನ ಬರುವುದು ಈ ಮಾತಿನ ಮೇಲೆಯೇ. ಸೆಕೆಂಡ್‌ಹ್ಯಾಂಡ್ ಮಾರುವವರು ಹೇಳುವ ಇನ್ನೊಂದು ಮಾತೂ ಇದೆ: "ಐದೇ ಸಲ ಬಳಸಿದ್ದು, ಆಮೇಲೆ ಪೆಟ್ಟಿಗೆಯಲ್ಲೇ ಇತ್ತು." ಕೇಳಿದವರಿಗೆ ಹೊಸದೇ ಸಿಕ್ಕಿದಂತೆ ಅನಿಸುತ್ತದೆ. ನಿಜ ಉಲ್ಟಾ. 15 ವರ್ಷ ಪೆಟ್ಟಿಗೆಯಲ್ಲಿ ಕೂತ ರೆಗ್ಯುಲೇಟರಿನ ರಬ್ಬರ್ ಒಣಗಿರುತ್ತದೆ. ಒಳಗಿನ ಮೆತ್ತನೆ ಸೀಟಿನ ಮೇಲೆ ಲೋಹದ ಅಂಚು ಒಂದೇ ಜಾಗದಲ್ಲಿ ಒತ್ತಿ ಒತ್ತಿ ಗೆರೆ ಬಿದ್ದಿರುತ್ತದೆ. ಕೊನೆಯ ಸಲ ಸರಿಯಾಗಿ ತೊಳೆಯದೆ ಇಟ್ಟಿದ್ದರೆ ಉಪ್ಪು ಹರಳುಗಟ್ಟಿರುತ್ತದೆ. ಕೊಟ್ಟಿಗೆಯಲ್ಲಿ ನಿಂತೇ ಹೋದ ಟ್ರ್ಯಾಕ್ಟರಿಗಿಂತ ದಿನಾ ಉಳುವ ಟ್ರ್ಯಾಕ್ಟರ್ ನಂಬಿಕೆಯದು ಎಂದು ರೈತರಿಗೆ ಬೇರೆ ಹೇಳಬೇಕಾಗಿಲ್ಲ. ಸಾವಿರ ಸಲ ನೀರಿಗಿಳಿದು ವರ್ಷ ವರ್ಷ ಸರ್ವಿಸ್ ಆದದ್ದು, ಐದು ಸಲ ಇಳಿದು ಮರೆತುಹೋದದ್ದಕ್ಕಿಂತ ಲೇಸು.

ಹಾಗಾದರೆ ಚೆನ್ನಾಗಿ ಇಟ್ಟುಕೊಂಡದ್ದು ಎಂದು ಗೊತ್ತಾಗುವುದು ಹೇಗೆ? ಮೊದಲು ಕಾಗದ ಕೇಳಿ. ಸರ್ವಿಸ್ ಮಾಡಿಸಿದ ಬಿಲ್ಲು, ಯಾವ ವರ್ಷ, ಯಾವ ಕಿಟ್ ಹಾಕಿದರು. ಬಹುಪಾಲು ಕಂಪನಿಗಳು ವರ್ಷಕ್ಕೊಮ್ಮೆ ತೋರಿಸಿ ಎನ್ನುತ್ತಾ ಬಂದಿವೆ. ಅಟಾಮಿಕ್ ಎಂಬ ಕಂಪನಿ ಎರಡು ವರ್ಷ ಅಥವಾ 300 ಡೈವ್ ಎನ್ನುತ್ತದೆ. ಬಿಲ್ಲು ಇಲ್ಲದಿದ್ದರೆ ಸರ್ವಿಸ್ ಆಗಿಲ್ಲ ಎಂದೇ ಲೆಕ್ಕ ಹಿಡಿಯಿರಿ, ಮಾರುವವರು ಎಷ್ಟು ಒಳ್ಳೆಯವರಾದರೂ ಸರಿ. ಮೈಮೇಲೆ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಉಜ್ಜಿ ತೆಗೆದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಆಮೇಲೆ ಫಸ್ಟ್ ಸ್ಟೇಜಿನ ಬಾಯಿ ನೋಡಿ, ಸಿಲಿಂಡರಿಗೆ ಕೂರುವ ಕಡೆ. ಅಲ್ಲಿ ಕಡಲೆ ಗಾತ್ರದ ಒಂದು ಲೋಹದ ಫಿಲ್ಟರ್ ಕಾಣುತ್ತದೆ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವಲ್ಲ, ಇದರ ಹಲ್ಲು ಆ ಫಿಲ್ಟರ್. ಅದು ಶುಭ್ರ ಲೋಹದ ಬಣ್ಣದಲ್ಲಿರಬೇಕು. ಹಸಿರಾಗಿದ್ದರೆ ಒಳಗೆ ನೀರು ಹೋಗಿ ಕಿಲುಬು ಹಿಡಿದಿದೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟಾಗ ಬರುವ ಅದೇ ಕಿಲುಬು. ಕೆಂಪು ಮಣ್ಣಿನ ಬಣ್ಣ ಇದ್ದರೆ ತುಕ್ಕು ಹಿಡಿದ ಉಕ್ಕಿನ ಸಿಲಿಂಡರಿಗೆ ಹಾಕಿ ಬಳಸಿದ್ದಾರೆ. ಕಪ್ಪಾಗಿದ್ದರೆ ಗಾಳಿ ತುಂಬಿದ ಕಂಪ್ರೆಸರ್ ಸರಿಯಿರಲಿಲ್ಲ. ಹೊರಗೆ ಎಷ್ಟು ಬೇಕಾದರೂ ಪಾಲಿಶ್ ಹೊಡೆಯಬಹುದು, ಫಿಲ್ಟರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಚ್ಚ ಹೊಸ ಫಿಲ್ಟರ್ ಇದ್ದು ಬಿಲ್ಲು ಇಲ್ಲದಿದ್ದರೆ ಆಗಲೂ ಒಂದು ಪ್ರಶ್ನೆ ಕೇಳಿ.

ಸಿಲಿಂಡರೇ ಇಲ್ಲದೆ ಮಾಡುವ ಪರೀಕ್ಷೆ ಒಂದಿದೆ. ಫಸ್ಟ್ ಸ್ಟೇಜಿನ ಬಾಯಿಗೆ ಅದರ ಮುಚ್ಚಳ ಬಿಗಿದು, ಸೆಕೆಂಡ್ ಸ್ಟೇಜನ್ನು ಬಾಯಿಗಿಟ್ಟು ಮೆಲ್ಲಗೆ ಉಸಿರೆಳೆಯಿರಿ. ಸ್ವಲ್ಪ ಎಳೆದ ಮೇಲೆ ಏನೂ ಬಾರದೆ ನಿಲ್ಲಬೇಕು. ಗಾಳಿ ಬರುತ್ತಲೇ ಇದ್ದರೆ ಪರದೆ ಹರಿದಿದೆ, ಇಲ್ಲವೇ ಹೊರಹೋಗುವ ಕವಾಟ ಮುಚ್ಚುತ್ತಿಲ್ಲ, ಇಲ್ಲವೇ ಡಬ್ಬಿಯೇ ಬಿರುಕು ಬಿಟ್ಟಿದೆ. ಗಾಳಿ ಬರುವ ದಾರಿಯಲ್ಲಿ ನೀರೂ ಬರುತ್ತದೆ. ಪೈಪುಗಳನ್ನು ಬಾಗಿಸಿ ನೋಡಿ, ಅದೂ ಲೋಹದ ಜೋಡಣೆಯ ಹತ್ತಿರ. ಅಲ್ಲಿ ಹೊದಿಸಿದ ರಬ್ಬರ್ ಕವಚ ಹಿಂದಕ್ಕೆ ಸರಿಸಿ ನೋಡಿ, ಬಿರುಕು ಅಡಗಿರುವುದು ಅದರ ಕೆಳಗೆ. ಗ್ಯಾಸಿನ ಪೈಪಿಗೆ ಆಯುಸ್ಸು ಇದೆ ಎಂದು ನಾವು ಒಪ್ಪುತ್ತೇವಲ್ಲ, ಇದಕ್ಕೂ ಇದೆ. 20 ವರ್ಷದ ಸೆಟ್ ಕೊಂಡರೆ ಪೈಪುಗಳನ್ನು ಎಣಿಸದೆ ಹೊಸದೇ ಹಾಕಿಸಿ ಎಂಬುದು ನಮ್ಮ ಮಾತು.

ಕೊನೆಯ ಪರೀಕ್ಷೆಗೆ ಸಿಲಿಂಡರ್ ಬೇಕು, ಜೊತೆಗೆ ಒಂದು ಪುಟ್ಟ ಗೇಜ್. ಜಾಕೆಟ್ಟಿಗೆ ಗಾಳಿ ತುಂಬುವ ಪೈಪಿಗೆ ಅದನ್ನು ಸಿಕ್ಕಿಸಿ ಸಿಲಿಂಡರ್ ತೆರೆದರೆ ಮುಳ್ಳು ಒಂಬತ್ತು ಹತ್ತು ಬಾರ್ ಆಸುಪಾಸಿಗೆ ಏರಿ ಗಕ್ಕನೆ ನಿಲ್ಲಬೇಕು. ಎರಡು ಮೂರು ಸಲ ಉಸಿರೆಳೆದು ಮತ್ತೆ ನೋಡಿ. ಒಂದೆರಡು ಕ್ಷಣ ಅಲುಗಿ ನಿಂತರೆ ಅಡ್ಡಿಯಿಲ್ಲ. ನಿಲ್ಲದೆ ಇರುವೆ ನಡೆದಂತೆ ಮೇಲೇರುತ್ತಲೇ ಇದ್ದರೆ ಒಳಗಿನ ಸೀಟು ಸವೆದಿದೆ. ಆ ಒತ್ತಡವೇ ಮುಂದೆ ನೀರಿನಡಿ ಭುಸುಗುಟ್ಟಿ ಹೊರಬರುವುದು. ಸೀಟು ಬದಲಿಸಬಹುದು. ಸೀಟಿಗೆ ಒತ್ತುವ ಲೋಹದ ಅಂಚು ಮುಕ್ಕಾಗಿದ್ದರೆ ಮಾತ್ರ ಕಷ್ಟ. ಅದು ಬಿಚ್ಚಿ ನೋಡಿದವರಿಗೇ ಗೊತ್ತಾಗುವುದು. ಆದ್ದರಿಂದ ಬಿಚ್ಚಿ ನೋಡುವವರ ಮಾತು ಕೇಳದೆ ಪೂರ್ತಿ ಹಣ ಕೊಡಬೇಡಿ.

ಹಳೆಯದು ಎಂದರೆ ಎಷ್ಟು ಹಳೆಯದು ಎಂಬುದಕ್ಕೂ ಮಿತಿ ಇದೆ. ಫಸ್ಟ್ ಸ್ಟೇಜಿನ ಸುತ್ತ ಪೈಪು ಕೂರಿಸುವ ತೂತುಗಳನ್ನು ಎಣಿಸಿ. ಇವತ್ತಿನ ಡೈವಿಂಗಿಗೆ ಬಾಯಿಗೆ ಒಂದು, ಜೊತೆಗಾರನಿಗೆ ಕೊಡಲು ಆಕ್ಟೋಪಸ್ ಎನ್ನುವ ಇನ್ನೊಂದು, ಜಾಕೆಟ್ಟಿಗೆ ಒಂದು, ಗಾಳಿ ಎಷ್ಟು ಉಳಿದಿದೆ ತೋರಿಸುವ ಗೇಜಿಗೆ ಬೇರೆಯೇ ಒಂದು ಬೇಕು. ತೀರಾ ಹಳೆಯವಕ್ಕೆ ಇಷ್ಟು ತೂತುಗಳೇ ಇಲ್ಲ. ಆ ಕಾಲದಲ್ಲಿ ಆಕ್ಟೋಪಸ್ ಇರಲಿಲ್ಲ, ಜಾಕೆಟ್ ಇರಲಿಲ್ಲ. ಅವು ಗೋಡೆಗೆ ತೂಗುಹಾಕಲು ಚಂದ. ಕೆಲವದರ ಹಿಡಿಕೆ ಈಗಿನ ಸಿಲಿಂಡರ್ ವಾಲ್ವಿಗೆ ಕೂರುವುದಿಲ್ಲ, ಚಿಕ್ಕದಾಗುತ್ತದೆ. ಹಿಡಿಕೆಯಲ್ಲೂ ಎರಡು ಜಾತಿ: ಸುತ್ತಲೂ ಅಪ್ಪಿಕೊಂಡು ತಿರುಪು ಬಿಗಿಯುವ ಯೋಕ್, ವಾಲ್ವಿನೊಳಗೇ ತಿರುಗಿಸಿ ಕೂರಿಸುವ ಡಿನ್. ಕೆಲಸ ಮಾಡುವ ಜಾಗದ ಸಿಲಿಂಡರ್ ಯಾವ ಜಾತಿಯದು ಎಂದು ನೋಡಿಕೊಂಡೇ ಮುಂದುವರಿಯಿರಿ. ಕಂಪನಿಯೇ ಇಲ್ಲದ ಮಾದರಿಯೂ ಬೇಡ. ಡೇಕರ್ ಎಂಬ ಅಮೆರಿಕದ ಕಂಪನಿ ಒಂದು ಕಾಲಕ್ಕೆ ದೊಡ್ಡ ಹೆಸರು. ಇನ್ನೊಂದು ಕಂಪನಿಯ ಕೈಸೇರಿ ಆ ಹೆಸರೇ ಮಾರುಕಟ್ಟೆಯಿಂದ ಹೋಯಿತು. ಅದರ ರೆಗ್ಯುಲೇಟರ್ ಎಷ್ಟೇ ಚೆನ್ನಾಗಿದ್ದರೂ ಕಿಟ್‌ಗೆ ಅಲೆಯಬೇಕು.

ದುಡ್ಡಿನ ವಿಚಾರ. ಹೊಸ ಸೆಟ್ಟಿಗೆ ಹತ್ತಾರು ಸಾವಿರ ಬೇಕು, ಮೇಲ್ದರ್ಜೆಯದಾದರೆ ಲಕ್ಷದ ಹತ್ತಿರ ಹೋಗುತ್ತದೆ. ಹಾಗಾಗಿ 15 ಸಾವಿರ ಎಂದ ಕೂಡಲೇ ಕಣ್ಣು ಅರಳುವುದು ಸಹಜ. ಆದರೆ ಕೊಳ್ಳುವ ಬೆಲೆ ಬೇರೆ, ನೀರಿಗಿಳಿಸುವ ಬೆಲೆ ಬೇರೆ. ಲೆಕ್ಕಕ್ಕೆಂದು ಇಟ್ಟುಕೊಳ್ಳೋಣ. ಫಸ್ಟ್ ಸ್ಟೇಜಿಗೆ ಒಂದು ಕಿಟ್, ಬಾಯಿಯದಕ್ಕೆ ಒಂದು, ಆಕ್ಟೋಪಸ್ಸಿಗೆ ಒಂದು, ಕೂಲಿ, ಪಾರ್ಸೆಲ್ ಎಲ್ಲ ಸೇರಿ 9 ಸಾವಿರ. ಹೊಸ ಪೈಪುಗಳಿಗೆ 6 ಸಾವಿರ. ಅಲ್ಲಿಗೆ 30 ಸಾವಿರ ಆಯಿತು. ಇನ್ನೊಂದಿಷ್ಟು ಸೇರಿಸಿದರೆ ಗ್ಯಾರಂಟಿ ಸಮೇತ ಹೊಸ ಸಾದಾ ಸೆಟ್ ಬರುತ್ತದೆ ಎಂದಾದರೆ ಹಳೆಯದರಲ್ಲಿ ಉಳಿದದ್ದೇನು? ಹಾಗಾಗಿ ಮೊದಲು ಸರ್ವಿಸ್ ಮಾಡುವವರಿಗೆ ಮಾದರಿ ಹೆಸರು ಹೇಳಿ ಖರ್ಚು ಎಷ್ಟಾಗುತ್ತದೆ ಕೇಳಿ. ಆ ಮೊತ್ತವನ್ನು ಹೊಸದರ ಬೆಲೆಯಿಂದ ಕಳೆಯಿರಿ. ಉಳಿದದ್ದರ ಅರ್ಧಕ್ಕಿಂತ ಹೆಚ್ಚು ಹಳೆಯದಕ್ಕೆ ಕೊಡಬೇಡಿ. ಇದು ಯಾರೋ ಮಾಡಿದ ನಿಯಮವಲ್ಲ, ನಮ್ಮದೇ ಲೆಕ್ಕ. ನಿಮಗೆ ಬೇರೆ ಲೆಕ್ಕ ಇದ್ದರೆ ಅದೂ ಸರಿ, ಆದರೆ ಲೆಕ್ಕವೇ ಇಲ್ಲದೆ ಹೋಗಬೇಡಿ.

ಸರ್ವಿಸ್ ಆಗಿ ಬಂದ ಕೂಡಲೇ ನೇತ್ರಾಣಿಗೆ ಒಯ್ಯುವುದೂ ತಪ್ಪು. ಬಿಚ್ಚಿ ಜೋಡಿಸಿದ ಯಂತ್ರದಲ್ಲಿ ಮೊದಲ ದಿನವೇ ತೊಂದರೆ ಕಾಣುವುದು ಹೆಚ್ಚು. ಹೊಸ ಸೀಟು ಕೂರುವಾಗ ಒತ್ತಡ ಸ್ವಲ್ಪ ಬದಲಾಗುತ್ತದೆ. ಈಜುಕೊಳದಲ್ಲೋ ಎದೆಮಟ್ಟದ ನೀರಿನಲ್ಲೋ ಒಂದು ಗಂಟೆ ಉಸಿರಾಡಿ ನೋಡಿ ಆಮೇಲೆ ಕೆಲಸಕ್ಕೆ ಹಾಕಿ.

ಇಷ್ಟು ಹೇಳಿದ್ದು ತರಬೇತಿ ಆದವರಿಗೆ. ತರಬೇತಿ ಇಲ್ಲದವರಿಗೆ ನಮ್ಮ ಮಾತು ಒಂದೇ: ಹಳೆಯದೂ ಬೇಡ, ಹೊಸದೂ ಬೇಡ. ಈಗ ಯೂಟ್ಯೂಬಿನಲ್ಲಿ ಕೈಪಂಪಿನಿಂದ ಗಾಳಿ ತುಂಬುವ ಅರ್ಧ ಲೀಟರಿನ ಪುಟ್ಟ ಬಾಟಲಿಗಳು ಬಂದಿವೆ. ಬಾವಿಗೆ ಬಿದ್ದ ಮೋಟಾರು ತೆಗೆಯಲು, ಹೊಳೆಯಲ್ಲಿ ಆಡಲು ಚೆನ್ನಾಗಿದೆ ಎಂದು ಕೆಲವರು ನಮಗೇ ಹೇಳಿದ್ದಾರೆ. ಅರ್ಧ ಲೀಟರಿನಲ್ಲಿ 200 ಬಾರ್ ತುಂಬಿದರೆ ನೂರು ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ ನೀರಿನ ಮೇಲೆಯೇ ಐದು ನಿಮಿಷ. ಹತ್ತು ಮೀಟರ್ ಆಳದಲ್ಲಿ ಅದರ ಅರ್ಧ. ಗಾಬರಿಯಾದರೆ ಇನ್ನೂ ಕಡಿಮೆ. ಗಾಳಿ ಮುಗಿಯುವುದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆಳದಲ್ಲಿ ಒತ್ತಡದ ಗಾಳಿ ಎಳೆದುಕೊಂಡವರು ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದರೆ, ಹತ್ತು ಮೀಟರಿನಿಂದ ಮೇಲಕ್ಕೆ ಬರುವಷ್ಟರಲ್ಲಿ ಎದೆಯೊಳಗಿನ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯುತ್ತದೆ. ಚಿಪ್ಪು ತೆಗೆಯಲು ಬರೀ ಉಸಿರಿನಲ್ಲಿ ಮುಳುಗಿ ಅಭ್ಯಾಸ ಇದ್ದವರಿಗೇ ಈ ಅಪಾಯ ಹೆಚ್ಚು, ಯಾಕೆಂದರೆ ಉಸಿರು ಹಿಡಿಯುವುದೇ ಅವರ ರೂಢಿ.

ಇನ್ನು ದಾನವಾಗಿ ಬರುವ ಸಾಮಾನು. ನೀರಿಗೆ ಬಿದ್ದವರನ್ನು ಹುಡುಕಿ ತೆಗೆಯುವ ಸ್ವಯಂಸೇವಕರು ನಮ್ಮ ಕರಾವಳಿಯಲ್ಲೂ ಒಳನಾಡಿನ ಹೊಳೆ ಕೆರೆಗಳ ಬದಿಯಲ್ಲೂ ಇದ್ದಾರೆ. ಅಂಥವರಿಗೆ ಯಾರಾದರೂ ಹಳೆ ಸೆಟ್ ಕೊಡಲು ಹೊರಟರೆ ನಮ್ಮದು ಒಂದು ಕೋರಿಕೆ: ಸರ್ವಿಸ್ ಮಾಡಿಸಿ ಕೊಡಿ, ಇಲ್ಲವೇ ಸರ್ವಿಸಿನ ದುಡ್ಡನ್ನೂ ಜೊತೆಗೆ ಕೊಡಿ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಈ ಹಸುವಿನ ಹಲ್ಲನ್ನು ಎಣಿಸಲೇಬೇಕು. ಕೆಸರು ನೀರಿನಲ್ಲಿ, ಕೈಗೆ ಕೈ ಕಾಣದ ಕತ್ತಲಲ್ಲಿ ಇಳಿಯುವವರಿಗೆ ಪರದೆ ಹರಿದ ಯಂತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸರಿಯಲ್ಲ.

ನಮ್ಮೊಳಗಿನ ಜಗಳ ಕೊನೆಗೆ ಬಂದು ನಿಂತದ್ದು ಯಂತ್ರದ ಬಳಿ ಅಲ್ಲ, ಕೈಗಳ ಬಳಿ. ಕರಾವಳಿಯ ಊರುಗಳಲ್ಲಿ ಬೋಟಿನ ಎಂಜಿನ್ ಬಿಚ್ಚುವ ಹುಡುಗರಿಗೆ ಬರವಿಲ್ಲ. ಇಂಜೆಕ್ಟರ್, ಆಯಿಲ್ ಸೀಲ್, ಗೇರ್‌ಬಾಕ್ಸ್ ಎಲ್ಲ ಕಣ್ಣುಮುಚ್ಚಿ ಮಾಡುತ್ತಾರೆ. ರೆಗ್ಯುಲೇಟರ್ ಅದಕ್ಕಿಂತ ಸರಳ ಯಂತ್ರ. ಬೇಕಾದದ್ದು ಶುಚಿಯಾದ ಮೇಜು, ಸರಿಯಾದ ಉಪಕರಣ, ಗೇಜು, ಆ ಮಾದರಿಯ ಕಿಟ್, ಅದಕ್ಕೆಂದೇ ಪಡೆದ ತರಬೇತಿ. ತರಬೇತಿ ಇಲ್ಲದೆ ಎಂಜಿನ್ ಮೆಕ್ಯಾನಿಕ್ ಇದಕ್ಕೆ ಕೈ ಹಾಕಬಾರದು. ಎಂಜಿನ್ನಿಗೆ ಹಾಕುವ ಗ್ರೀಸ್ ಇದಕ್ಕೆ ಆಗದು, ಸ್ಕ್ರೂಡ್ರೈವರಿನ ಒಂದು ಗೀರು ಸಾಕು ಸೀಲ್ ಕೂರದೆ ಹೋಗಲು. ಆದರೆ ತರಬೇತಿ ಕೊಟ್ಟರೆ ಕಲಿಯದವರೇ? ಡೈವಿಂಗ್ ಕಲಿಸುವ ಕಂಪನಿಗಳೂ ಪ್ರವಾಸೋದ್ಯಮದ ಹೆಸರಲ್ಲಿ ಕೌಶಲ ತರಬೇತಿ ನಡೆಸುವವರೂ ಹುಡುಗರಿಗೆ ಪ್ರವಾಸಿಗರ ಜೊತೆ ಇಂಗ್ಲಿಷ್ ಮಾತಾಡಲು ಕಲಿಸುತ್ತಾರೆ. ಜೊತೆಗೆ ಇಬ್ಬರು ಮೂವರಿಗೆ ಈ ರಿಪೇರಿ ಕಲಿಸಿದರೆ ಪಾರ್ಸೆಲ್ ಮಾಡಿ ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ಮಳೆಗಾಲದಲ್ಲಿ ಡೈವಿಂಗ್ ಬಂದ್ ಆಗಿರುತ್ತದೆ, ಹುಡುಗರಿಗೆ ಕೆಲಸ ಇರುವುದಿಲ್ಲ. ಸರ್ವಿಸ್ ಮಾಡಲು ಅದಕ್ಕಿಂತ ಒಳ್ಳೆಯ ಕಾಲ ಯಾವುದಿದೆ?

ಹುಡುಗನಿಗೆ ಮೊದಲು ಫಿಲ್ಟರಿನ ಫೋಟೋ ಕಳಿಸು ಎಂದೆವು. ಎರಡು ದಿನ ಬಿಟ್ಟು ಬಂತು. ಅಂಚಿನಲ್ಲಿ ತಿಳಿ ಹಸಿರು. ಬಿಲ್ಲು ಕೇಳಿದ್ದಕ್ಕೆ, ನಾಲ್ಕೈದು ವರ್ಷದ ಹಿಂದೆ ಅಲ್ಲಿಯೇ ಮಾಡಿಸಿದ್ದು, ಕಾಗದ ಇಲ್ಲ ಎಂದರಂತೆ. ಉಸಿರೆಳೆಯುವ ಪರೀಕ್ಷೆಯಲ್ಲಿ ಬಾಯಿಯದು ಪಾಸು, ಆಕ್ಟೋಪಸ್ ಫೇಲು. ಒಳ್ಳೆಯ ಸುದ್ದಿ ಎಂದರೆ ಆ ಮಾದರಿಯ ಕಿಟ್ ಸಿಗುತ್ತದೆ, ಸರ್ವಿಸ್ ಮಾಡುವವರು ಬಿಚ್ಚಿ ನೋಡಲು ಒಪ್ಪಿದ್ದಾರೆ. ಅವನು 7 ಸಾವಿರಕ್ಕೆ ಕೇಳಿದ, ಮಾರುವವರು 12ಕ್ಕೆ ಇಳಿದರು. ಬಿಚ್ಚಿ ನೋಡಿ ಒಳಗಿನ ಲೋಹದ ಅಂಚು ಸರಿಯಿದೆ ಎಂದರೆ 9ರ ತನಕ ಹೋಗು, ಅದಕ್ಕಿಂತ ಮೇಲೆ ಬೇಡ ಎಂದಿದ್ದೇವೆ. "ಅಲ್ಲಿಯವರೆಗೆ?" ಎಂದು ಕೇಳಿದ. ಅಲ್ಲಿಯವರೆಗೆ ಕೆಲಸದ ಜಾಗದ್ದೇ ಬಳಸು ಮಾರಾಯ, ಬಾಯಿಗೆ ಕಚ್ಚುವ ರಬ್ಬರನ್ನಾದರೂ ನಿನ್ನದೇ ಒಂದು ಕೊಂಡು ಹಾಕಿಕೋ ಎಂದೆವು. ಅದಕ್ಕೆ ಖರ್ಚು ಕೆಲವೇ ನೂರು ರೂಪಾಯಿ.